ಎಡಗಾಲು

"ಗುರುಗಳೇ, ಸೇವೆಯನ್ನು ಪ್ರೀತಿಯಿಂದ ಮಾಡು ಅನ್ನುತ್ತೀರಿ. ಪ್ರೀತಿಯೇ ಹುಟ್ಟದ ಕಡೆ ಏನು ಮಾಡಲಿ?"

ಶಿಷ್ಯ ಚೌರಪ್ಪ ಹೀಗೆ ಕೇಳಿದ್ದು ಕ್ರೈಸ್ತರ ಪವಿತ್ರ ವಾರ ತೊಡಗುವ ಗರಿಗಳ ಭಾನುವಾರದ ಮಾರನೆಯ ದಿನ. ಆಶ್ರಮದ ಹಳೆಯ ಅಡುಗೆಯವ ಇನ್ನಾಸಪ್ಪ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅವನನ್ನು ನೋಡಿಕೊಳ್ಳುವುದು ಚೌರಪ್ಪನ ಕೆಲಸ. ಹೊತ್ತಿಗೆ ಸರಿಯಾಗಿ ಗಂಜಿ ಕುಡಿಸುತ್ತಿದ್ದ, ಬಟ್ಟೆ ಬದಲಿಸುತ್ತಿದ್ದ, ಹೊರಗೆ ಬಂದುಬಿಡುತ್ತಿದ್ದ.

"ಆ ಕೋಣೆಗೆ ಹೋದರೆ ನನ್ನ ಎದೆ ಕಲ್ಲಾಗುತ್ತದೆ. ದೇವಾಲಯದ ಪೀಠದ ಮುಂದೆ ನಿಂತಾಗ ಮಾತ್ರ ಪ್ರೀತಿ ಉಕ್ಕುತ್ತದೆ. ನನ್ನನ್ನು ಆ ಕೋಣೆಯ ಕೆಲಸದಿಂದ ಬಿಡಿಸಿ. ಈ ಗುರುವಾರ ಭಕ್ತರ ಪಾದ ತೊಳೆಯುವಾಗ ಸ್ವಾಮಿಗಳ ಪಕ್ಕದಲ್ಲಿ ನೀರಿನ ಹೂಜಿ ಹಿಡಿಯಲು ಬಿಡಿ."

"ಕೂತುಕೋ," ಎಂದರು ಗುರುಗಳು. "ಒಂದು ಕತೆ ಕೇಳು. ನಡುವೆ ಬಾಯಿ ಹಾಕಬೇಡ." ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಸುಣ್ಣ ಸುಡುವವನೊಬ್ಬನಿದ್ದ. ಪ್ರಭು ತನ್ನ ಹನ್ನೆರಡು ಶಿಷ್ಯರ ಪಾದ ತೊಳೆದ ನೆನಪಿಗೆ ಆ ಊರಿನ ಸ್ವಾಮಿಗಳೂ ಪವಿತ್ರ ಗುರುವಾರ ಹನ್ನೆರಡು ಜನರ ಪಾದ ತೊಳೆಯುತ್ತಿದ್ದರು. ಒಂದು ವರ್ಷ ಆ ಹನ್ನೆರಡರಲ್ಲಿ ಇವನ ಹೆಸರು ಬಂತು. ಅಬ್ಬಾ, ಅವನ ಸಂಭ್ರಮವೇ! ಆದರೆ ಸಂಭ್ರಮದ ಹಿಂದೆಯೇ ಅಳುಕೂ ಬಂತು. ಭಟ್ಟಿಯ ಮುಂದೆ ದುಡಿದ ಕಾಲು, ಸುಣ್ಣ ತಿಂದು ಬಿರುಕು ಬಿಟ್ಟಿತ್ತು. ಇಂಥ ಕಾಲನ್ನು ಊರೆಲ್ಲ ನೋಡಬೇಕು, ಸ್ವಾಮಿಗಳು ಮುತ್ತಿಡಬೇಕು. ಮಾನ ಹೋಗುತ್ತದಲ್ಲ ಎಂದು ಅವನಿಗೆ ಮೂರು ದಿನ ಊಟ ಸೇರಲಿಲ್ಲ.

ಗುರುವಾರ ಮಧ್ಯಾಹ್ನ ಅವನ ಹೆಂಡತಿ ನೀರು ಕಾಯಿಸಿ, ತೆಂಗಿನ ನಾರು ಹಿಡಿದು ಅವನ ಮುಂದೆ ಕೂತಳು. ಗಂಡ ಹನ್ನೆರಡರಲ್ಲಿ ಒಬ್ಬನಾಗಿ ಕೂರುವುದನ್ನು ಕಣ್ಣಾರೆ ನೋಡಬೇಕೆಂದು ಅವಳಿಗೂ ಆಸೆ. ಮದುವೆಯ ಸೀರೆಯನ್ನು ಆಗಲೇ ತೆಗೆದಿಟ್ಟಿದ್ದಳು. ಬಲಗಾಲು ಮುಗಿಯಿತು.

"ಸಾಕು ಏಳು," ಎಂದ ಅವನು. "ಸ್ವಾಮಿಗಳು ತೊಳೆಯುವುದು ಬಲಗಾಲನ್ನು ಮಾತ್ರ. ಎಡಗಾಲನ್ನು ಯಾರು ನೋಡುತ್ತಾರೆ?"

"ಎಡಗಾಲೇನು ಪಾಪ ಮಾಡಿದೆ? ಕೊಡಿ ಇತ್ತ," ಎಂದಳು ಅವಳು.

ಎಡ ಹಿಮ್ಮಡಿಯ ಬಿರುಕಿನೊಳಗೆ ಸುಣ್ಣದ ಕಲ್ಲಿನ ಚೂರೊಂದು ಹೂತು, ಸುತ್ತ ಕೀವು ಕಟ್ಟಿತ್ತು. ಅವಳು ಪಿನ್ನಿನಿಂದ ಅದನ್ನು ಮೆಲ್ಲಗೆ ಬಿಡಿಸಿ ತೆಗೆದಳು. ಕೀವು ಒರೆಸಿ ಹರಳೆಣ್ಣೆ ಹಚ್ಚಿದಳು. ಅವನು ಮಾತ್ರ ಹೊತ್ತಾಯಿತು, ಹೊತ್ತಾಯಿತು ಎಂದು ಗೊಣಗುತ್ತಲೇ ಇದ್ದ. ಕೊನೆಗೆ ಅವಳಿಗಾಗಿ ಕಾಯದೆ ಹೊರಟುಬಿಟ್ಟ.

ದೇವಾಲಯದಲ್ಲಿ ಹನ್ನೆರಡು ಜನ ಸಾಲಾಗಿ ಕೂತರು. ಎಲ್ಲರೂ ಮನೆಯಲ್ಲೇ ಉಜ್ಜಿ ತೊಳೆದು ಬಂದವರೇ. ಸ್ವಾಮಿಗಳು ಮಂಡಿಯೂರಿ ಅವನ ಬಲಗಾಲಿಗೆ ನೀರು ಹೊಯ್ದರು, ಒರೆಸಿದರು, ಮುತ್ತಿಟ್ಟರು. ಅವನ ಕಣ್ಣು ತುಂಬಿತು. ತಲೆ ತಗ್ಗಿಸಿದಾಗ ಬೋಗುಣಿ ಕಂಡಿತು. ಅದರಲ್ಲಿದ್ದ ನೀರು ತಿಳಿಯಾಗಿಯೇ ಇತ್ತು. ಅವನಿಗೆ ಮನೆಯ ಬೋಗುಣಿಯ ಕೊಳೆನೀರು ನೆನಪಾಯಿತು.

ತನ್ನ ಜಾಗಕ್ಕೆ ಮರಳಲು ಎದ್ದು ಎಡಗಾಲೂರಿದ. ನೋವಿರಲಿಲ್ಲ. ಮಳೆಗಾಲದಿಂದ ಕುಂಟುತ್ತಿದ್ದವನು ಅಂದು ನೆಟ್ಟಗೆ ನಡೆದ. ಹೆಂಗಸರ ಕಡೆ ತಿರುಗಿ ಹುಡುಕಿದ. ಅವಳಿರಲಿಲ್ಲ. ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು.

ಮನೆಗೆ ಬಂದರೆ ಅವಳು ಹೊಸಿಲ ಮೇಲೆ ಕೂತಿದ್ದಳು. ಉಟ್ಟಿದ್ದು ಮದುವೆಯ ಸೀರೆ.

"ಸ್ನಾನಕ್ಕೆ ನೀರೇ ಉಳಿದಿರಲಿಲ್ಲ. ಬಾವಿಯಿಂದ ತಂದು ಮುಗಿಸುವಷ್ಟರಲ್ಲಿ ಪಾದ ತೊಳೆದಾಗಿತ್ತಂತೆ," ಎಂದಳು. "ಚೆನ್ನಾಗಿ ಆಯಿತೇ?"

ಅವನು ಬೋಗುಣಿಗೆ ನೀರು ತುಂಬಿ ತಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಯ್ಯಯ್ಯೋ, ಬಿಡಿ! ನೀವು ನನ್ನ ಕಾಲು ಮುಟ್ಟುವುದೇ? ಯಾರಾದರೂ ನೋಡಿದರೆ?"

"ನೋಡಲಿ ಬಿಡು. ಎರಡೂ ಕಾಲು ಕೊಡು."

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಚೌರಪ್ಪ ಕೇಳಿದ, "ಹಾಗಾದರೆ ದೇವಾಲಯದಲ್ಲಿ ತೊಳೆದದ್ದು ಬರೀ ತೋರಿಕೆಯೇ?"

"ಛೆ, ಎಲ್ಲಾದರೂ ಉಂಟೇ! ಅಲ್ಲಿ ಕೂತು ಬಂದದ್ದಕ್ಕೇ ಅಲ್ಲವೇ ಅವನು ಮನೆಯಲ್ಲಿ ಬಗ್ಗಿದ್ದು? ಹೂಜಿ ನೀನೇ ಹಿಡಿಯಪ್ಪ, ನನ್ನ ಅಡ್ಡಿಯಿಲ್ಲ."

ಚೌರಪ್ಪನ ಮುಖ ಅರಳಿತು. ನಮಸ್ಕರಿಸಿ ಎದ್ದು ಬಾಗಿಲ ತನಕ ಹೋದ. ಆಗ ಗುರುಗಳು ಹಿಂದಿನಿಂದ ಕೇಳಿದರು:

"ಚೌರಪ್ಪ, ನಮ್ಮ ಇನ್ನಾಸಪ್ಪನ ಎಡ ಹಿಮ್ಮಡಿ ಹೇಗಿದೆ, ಹೇಳು ನೋಡೋಣ?"