ಬುಟ್ಟಿಯ ಕೆಳಗಿನ ಹೇಂಟೆ

“ಗುರುಗಳೇ, ಬೆಟ್ಟದ ಮೇಲಿನ ಗವಿಯಲ್ಲಿ ಒಬ್ಬನೇ ಮೌನವಾಗಿ ಕೂರಬೇಕೆಂದಿದ್ದೇನೆ. ಮೂರು ತಿಂಗಳು ಯಾರೂ ನನ್ನನ್ನು ನೋಡಲು ಬರಬಾರದು. ಅಪ್ಪಣೆ ಕೊಡುವಿರಾ?” ಎಂದು ಕೊಟ್ರೇಶನೆಂಬ ಶಿಷ್ಯ ಕೇಳಿದ.

ಅವನ ತಾಯಿ ತೀರಿಹೋಗಿ ಒಂದು ತಿಂಗಳಾಗಿತ್ತು. ಸುದ್ದಿ ಬಂದ ದಿನ ಅವನು ಅಳಲಿಲ್ಲ, ಆಮೇಲೂ ಅಳಲಿಲ್ಲ. ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದ. ಅವನಿಗೆ ವೈರಾಗ್ಯ ಬಂದಿದೆ, ಮಾತಾಡಿಸಬೇಡಿ ಎಂದು ಉಳಿದ ಶಿಷ್ಯರು ತಮ್ಮತಮ್ಮಲ್ಲೇ ಹೇಳಿಕೊಂಡು ದೂರ ಉಳಿದಿದ್ದರು.

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. “ಕೂತುಕೋ, ಒಂದು ಕೋಳಿಯ ಕತೆ ಹೇಳುತ್ತೇನೆ. ಮಠದಲ್ಲಿ ಕೋಳಿಯ ಮಾತೇ ಎಂದು ಮೂಗು ಮುರಿಯಬೇಡ,” ಎಂದು ಶುರುಮಾಡಿದರು.

ಒಂದೂರಿನಲ್ಲಿ ಬುಟ್ಟಿ ಹೆಣೆಯುವವನೊಬ್ಬನಿದ್ದ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ಅವನಿಗೆ ಅಂತ ಇದ್ದದ್ದು ಬೂದುಬಣ್ಣದ ಒಂದು ಹೇಂಟೆ. ಅವನು ಬಿದಿರು ಸೀಳುವಾಗ ಅದು ಪಕ್ಕದಲ್ಲೇ ಕೆದಕುತ್ತಾ ಓಡಾಡುತ್ತಿತ್ತು. ಉಣ್ಣುವಾಗ ಮೊದಲ ತುತ್ತು ಅದಕ್ಕೆ. ಬಿಸಿಲು ಹೆಚ್ಚಾಯಿತು ಎಂಬುದನ್ನೂ ಅದಕ್ಕೇ ಹೇಳುತ್ತಿದ್ದ, ಸೊಂಟ ಹಿಡಿದುಕೊಂಡಿದೆ ಎಂಬುದನ್ನೂ ಅದಕ್ಕೇ. ಅದು ಕೊಕ್ಕೊಕ್ ಎಂದರೆ ಹೌದೌದು ಅನ್ನುತ್ತಿದ್ದ. ನಗಬೇಡ. ಹೂಂಗುಟ್ಟುವವರಿಲ್ಲದ ಮನೆಯಲ್ಲಿ ನಾಲ್ಕು ದಿನ ಇದ್ದು ನೋಡು, ಗೊತ್ತಾಗುತ್ತದೆ.

ಒಂದು ಬೆಳಿಗ್ಗೆ ಹೇಂಟೆ ಮೂಲೆ ಸೇರಿ ಕೂತಿತು. ಗರಿ ಉಬ್ಬಿಸಿಕೊಂಡಿತ್ತು. ಕಾಳು ಹಾಕಿದರೂ ಏಳಲಿಲ್ಲ. ಕೋಳಿ ಕಾವು ಕೂತಿದೆ ಎಂದು ಅವನಿಗೆ ಹಿಗ್ಗೋ ಹಿಗ್ಗು. ಎರಡು ದಿನ ಕಳೆದು ಕಾವು ಗಟ್ಟಿಯಾಗಲಿ, ಆಮೇಲೆ ಯಾರನ್ನಾದರೂ ಮೊಟ್ಟೆ ಕೇಳಿ ತಂದು ಅದರ ಅಡಿಗಿಟ್ಟರೆ ಮನೆ ತುಂಬ ಮರಿಗಳಾಗುತ್ತವೆ ಎಂದುಕೊಂಡ. ಕಾವು ಕೂತ ಕೋಳಿಯನ್ನು ಮುಟ್ಟಬಾರದು, ಇಣುಕಬಾರದು, ಮುಟ್ಟಿದರೆ ಕಾವು ಬಿಟ್ಟು ಎದ್ದುಬಿಡುತ್ತದೆ ಎಂಬುದು ಆ ಊರಿನವರ ನಂಬಿಕೆ. ಅವನು ಹೊಸದೊಂದು ಬುಟ್ಟಿ ಹೆಣೆದು ಹೇಂಟೆಯ ಮೇಲೆ ಕವುಚಿದ. ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಿದ. ಆ ದಿನ ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ, ಊಟವೂ ಸೇರಲಿಲ್ಲ. ಮರಿ ಮಾಡುವ ಜೀವಕ್ಕೆ ನನ್ನ ಬೇಸರ ತಾಗಬಾರದು ಎಂದು ಸುಮ್ಮನಿದ್ದ.

ಮರುದಿನ ಮಧ್ಯಾಹ್ನ ಪಕ್ಕದ ಬೀದಿಯ ಮುದುಕಿಯೊಬ್ಬಳು ಮೊರದ ಅಂಚು ಕಟ್ಟಿಸಲು ಬಂದಳು. ಮೂಲೆಯ ಬುಟ್ಟಿಯನ್ನು ನೋಡಿ ಅದೇನೆಂದು ಕೇಳಿದಳು. ಅವನು ಬಾಯಿಯ ಮೇಲೆ ಬೆರಳಿಟ್ಟು, ಕೋಳಿ ನಿನ್ನೆಯಿಂದ ಕಾವು ಕೂತಿದೆ ಎಂದು ಪಿಸುಮಾತಿನಲ್ಲಿ ಹೇಳಿದ. ಮುದುಕಿ ಹುಟ್ಟಿದಾಗಿನಿಂದ ಕೋಳಿಗಳ ನಡುವೆ ಬೆಳೆದವಳು. ಅವನು ಬೇಡ ಬೇಡ ಎನ್ನುತ್ತಿದ್ದಂತೆಯೇ ಬುಟ್ಟಿ ಎತ್ತಿ ಹೇಂಟೆಯ ಹೊಟ್ಟೆಯಡಿಗೆ ಕೈ ಹಾಕಿದಳು. ಅದು ಅರೆಗಣ್ಣು ಮುಚ್ಚಿಕೊಂಡು ಸುಮ್ಮನಿತ್ತು.

“ಕಾವು ಕೂತ ಕೋಳಿ ಕೈ ಹಾಕಿದವರನ್ನು ಕುಕ್ಕುತ್ತದಪ್ಪ. ಇದು ಕುಕ್ಕಲಿಲ್ಲ,” ಎಂದಳು. “ಮೊಟ್ಟೆ ಒಳಗೇ ಸಿಕ್ಕಿಕೊಂಡಿದೆ. ನಿನ್ನೆಯಿಂದ ಒಂದೇ ಸಮ ನೋವು ತಿನ್ನುತ್ತಿದೆ, ಪಾಪ.”

“ಅದಕ್ಕೆ ತೊಂದರೆಯಾಗಬಾರದು ಅಂತಲೇ ಮುಟ್ಟಲಿಲ್ಲವ್ವ,” ಎಂದ ಬುಟ್ಟಿಯವನು.

ಮುದುಕಿ ಅವನನ್ನು ಬೈಯುತ್ತಾ ಕೂರಲಿಲ್ಲ. ನೀರು ಕಾಯಿಸಲು ಹೇಳಿದಳು. ಕೈ ತಾಳುವಷ್ಟು ಬೆಚ್ಚಗಿನ ನೀರನ್ನು ಬೋಗುಣಿಗೆ ಹೊಯ್ದು, ಹೇಂಟೆಯನ್ನು ಹೊಟ್ಟೆ ಮುಳುಗುವಷ್ಟು ಅದರಲ್ಲಿ ಇಳಿಸಿ, ಹಿಡಿದುಕೋ ಎಂದಳು. ಬಾಲದಡಿ ಹರಳೆಣ್ಣೆ ಸವರಿದಳು. ಹೊಟ್ಟೆ ಒತ್ತಬೇಡ, ಮೊಟ್ಟೆ ಒಳಗೇ ಒಡೆದರೆ ಜೀವ ಹೋಗುತ್ತದೆ, ಅದರ ಜೊತೆ ದಿನವೂ ಆಡುವ ಮಾತು ಆಡುತ್ತಿರು ಎಂದು ಹೇಳಿ, ನೀರು ಆರಿದಂತೆಲ್ಲ ಬಿಸಿನೀರು ಬೆರೆಸಿದಳು.

ಅವನು ಮಾತಾಡಿದ. ಮೊದಲು ಬಿಸಿಲಿನ ವಿಷಯ, ಬಿದಿರಿನ ವಿಷಯ. ಆಮೇಲೆ ಹೇಗೋ ಹೆಂಡತಿಯ ಮಾತು ಬಂತು. ಅವಳು ಹೋದ ಮೇಲೆ, ದುಃಖದಲ್ಲಿದ್ದಾನೆ, ಅವನ ಪಾಡಿಗೆ ಅವನಿರಲಿ ಎಂದು ಊರವರು ಮನೆಯ ಹತ್ತಿರ ಸುಳಿಯುವುದನ್ನೇ ಬಿಟ್ಟಿದ್ದರು. ಅವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಆದರೆ ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಯಾರಾದರೂ ಒಳಗೆ ಬರುತ್ತಾರೇನೋ ಎಂದು ಕಾಯುತ್ತಿದ್ದೆ ಎಂದು ಕೋಳಿಗೆ ಹೇಳಿ ಅತ್ತುಬಿಟ್ಟ. ಮುದುಕಿ ಕೇಳಿಸಿಕೊಳ್ಳುತ್ತಾ ಒಲೆಗೆ ಸೌದೆ ತಳ್ಳುತ್ತಿದ್ದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿ ನೀರು ಕುಡಿದರು.

“ಕೋಳಿ ಬದುಕಿತೇ?” ಎಂದು ಕೊಟ್ರೇಶ ಕೇಳಿದ.

“ಸಂಜೆಯ ಹೊತ್ತಿಗೆ ಮೊಟ್ಟೆ ಬಿತ್ತು, ಕೋಳಿ ಬದುಕಿತು. ಅವನು ಇನ್ನರ್ಧ ದಿನ ಮುಟ್ಟದೆ ಅದಕ್ಕೆ ಮರ್ಯಾದೆ ಕೊಟ್ಟಿದ್ದರೆ ಸಾಯುತ್ತಿತ್ತು.”

ಕೊಟ್ರೇಶ, ಗವಿಗೆ ಹೋಗಲು ಅಪ್ಪಣೆ ಕೊಡುವಿರೋ ಇಲ್ಲವೋ ಎಂದು ಮೆಲ್ಲಗೆ ಕೇಳಿದ.

“ಕೊಡೋಣ, ಮೊದಲು ಹತ್ತಿರ ಬಾ, ತಲೆಯ ಮೇಲೆ ಕೈಯಿಟ್ಟು ನೋಡುತ್ತೇನೆ, ಕುಕ್ಕುತ್ತೀಯೋ ಇಲ್ಲವೋ ಅಂತ,” ಎಂದರು ಗುರುಗಳು.

ಕೊಟ್ರೇಶ ಹತ್ತಿರ ಬಂದು ಕೂತ. ಗುರುಗಳ ಕೈಯಡಿಗೆ ತಲೆ ಬಗ್ಗಿಸಿದ.