ಬೂದಿಗೆ ಸಿಕ್ಕಿಬಿದ್ದ ಪರದೆ

"ಕೇಳಿರಿ, ಕೇಳಿರಿ! ಅರಮನೆಯ ಕಂಪ್ಯೂಟರಿನ ಪರದೆ ಸುಳ್ಳು ಹೇಳುತ್ತದೆಂದು ಬಣ್ಣಗಾರ ಗಿರಿಮಲ್ಲಪ್ಪ ಬೊಗಳಿದ್ದಾನೆ. ನಾಳೆ ಅವನ ತಲೆ ಹೋಗುತ್ತದೆ. ಅಷ್ಟರೊಳಗೆ ದೊರೆಗಳ ಮೂರು ಒಗಟು ಬಿಡಿಸಿದವರು ಅವನನ್ನು ಬಿಡಿಸಿಕೊಂಡು, ಬೇಕಾದ ಬಹುಮಾನವನ್ನೂ ಕೇಳಬಹುದು. ತಪ್ಪಿದವರ ತಲೆ ಅವನ ತಲೆಯ ಪಕ್ಕದಲ್ಲೇ ಉರುಳುತ್ತದೆ!"

ರಂಗಾವತಿಯ ದೊರೆ ಚಂಡಭೂಪ ಹೀಗೆ ಡಂಗುರ ಹೊಡೆಸಿದ್ದಕ್ಕೆ ಕಾರಣ ಒಂದು ಸೀರೆ. ಮಗಳ ಮದುವೆಗೆಂದು ಅವನೇ ಪರದೆಯ ಮುಂದೆ ಕೂತು, ಕುಂಕುಮದ ಕೆಂಪು ಆರಿಸಿ, ಬಣ್ಣಗಾರರ ಕೇರಿಯ ಕಂಪ್ಯೂಟರಿಗೆ ಕಳಿಸಿದ್ದ. ಬಂದ ಸೀರೆ ನೋಡಿದರೆ ಕಿತ್ತಳೆ! "ನೀವು ಕಳಿಸಿದ್ದೇ ಈ ಬಣ್ಣ, ಸುಳ್ಳು ಹೇಳಿದ್ದು ನಿಮ್ಮ ಪರದಿ" ಎಂದ ಮುದುಕ ಗಿರಿಮಲ್ಲಪ್ಪ ನೇರವಾಗಿ ಸೆರೆಮನೆಗೆ ಹೋದ.

ಆ ಪರದೆ ಅರಮನೆ ಸೇರಿದ ಬಗೆಯನ್ನೂ ಹೇಳಬೇಕು. ಹಿಂದೊಮ್ಮೆ ಒಬ್ಬ ವ್ಯಾಪಾರಿ ಎರಡು ಪರದೆ ತಂದಿದ್ದ. ಒಂದು ಝಗಝಗ, ಇನ್ನೊಂದು ಸಪ್ಪೆ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ದೊರೆ ಝಗಝಗಿಸುವುದನ್ನೇ ಇಟ್ಟುಕೊಂಡ. ಸಪ್ಪೆಯದನ್ನು ಗಿರಿಮಲ್ಲಪ್ಪ ಕೊಂಡ. ವ್ಯಾಪಾರಿ ಹೊರಡುವಾಗ ಮೂರು ಒಗಟು ಹೇಳಿ, ಉತ್ತರಗಳನ್ನು ದೊರೆಯ ಕಿವಿಯಲ್ಲಿ ಉಸುರಿದ್ದ. ದೊರೆಗೆ ಉತ್ತರ ಬಾಯಿಪಾಠವಾಯಿತು, ಅರ್ಥ ಮಾತ್ರ ತಲೆಗೆ ಹತ್ತಲಿಲ್ಲ. ದೊಡ್ಡವರ ವಿದ್ಯೆ ಎಷ್ಟೋ ಸಲ ಹೀಗೇ ಇರುತ್ತದೆ.

"ತನಗೆ ಬಣ್ಣವಿಲ್ಲ, ಆದರೂ ಎಲ್ಲ ಬಣ್ಣದ ಕಳ್ಳತನ ಹಿಡಿಯುತ್ತದೆ. ಏನದು?" ಎಂದು ದೊರೆ ತುಂಬಿದ ಸಭೆಯಲ್ಲಿ ಕೇಳಿದ.

ಆಸ್ಥಾನದ ಚಿತ್ರಗಾರ "ನೀರು" ಎಂದ. ಅವನನ್ನು ಎಳೆದೊಯ್ದರು. ಕುದುರೆ ಏರಿ ಬಂದಿದ್ದ ನೆರೆನಾಡಿನ ರಾಜಕುಮಾರ "ತಮ್ಮ ಕಿರೀಟದ ವಜ್ರ, ಮಹಾಪ್ರಭು" ಎಂದು ಬಾಗಿದ. ಹೊಗಳಿಕೆಯೂ ಅವನ ಕೈ ಹಿಡಿಯಲಿಲ್ಲ. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಆಗ ಮೊಣಕೈವರೆಗೆ ಬಣ್ಣ ಹತ್ತಿದ್ದ ಹುಡುಗಿಯೊಬ್ಬಳು, ಸಿಂಹಾಸನದ ಎದುರಿನ ಪರದೆಯ ಪಕ್ಕ ತೂಗುಹಾಕಿದ್ದ ಕಿತ್ತಳೆ ಸೀರೆಯ ಮುಂದೆ ಬಂದು ನಿಂತಳು.

"ಯಾರು ನೀನು?"

"ನೀವು ಕೊಲ್ಲಾಕ ಹೊಂಟಿರೋ ಗಿರಿಮಲ್ಲಪ್ಪನ ಮಗಳ್ರಿ, ನೀಲವ್ವ."

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿಮ್ಮಪ್ಪನದೂ ಅದೇ ಕತೆ" ಎಂದು ದೊರೆ ನಕ್ಕ. ಸಭೆಯೂ ನಕ್ಕಿತು.

"ನೆಲ ಡೊಂಕು ಐತೋ ಇಲ್ಲೋ, ಅಳತಿ ಮಾಡಿ ನೋಡೂನ್ರಿ. ನಿಮ್ಮ ಮೊದಲನೇ ಒಗಟಿಗೆ ಉತ್ತರ ಬೂದಿ."

ನಗು ನಿಂತಿತು. ನೀಲವ್ವ ಪರದೆಯ ತುಂಬ ಬೂದಿಬಣ್ಣ ತೋರಿಸಲು ಹೇಳಿ, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಒಲೆಯ ಬೂದಿಯನ್ನು ಬಿಳಿ ತಟ್ಟೆಯಲ್ಲಿ ಸುರಿದು ಪಕ್ಕದಲ್ಲಿ ಹಿಡಿದಳು. ಪರದೆಯ ಬೂದಿ ನೀಲಿಗಟ್ಟಿತ್ತು, ಒಂದು ಮೂಲೆಯಲ್ಲಿ ಮಾತ್ರ ಕೆಂಪು ಮಬ್ಬು ಕವಿದಿತ್ತು.

"ಕೆಂಪಿನೊಳಗ ಕಳ್ಳ ಅಡಗತಾನ. ಬೂದಿಯೊಳಗ ಅವಗ ಜಾಗ ಇಲ್ರಿ. ನಿಮ್ಮ ಪರದಿ ನೀಲಿ ಕಡೆ ವಾಲೇತಿ. ಅದನ್ನ ಮುಚ್ಚಾಕ ನೀವು ಕೆಂಪಿಗೆ ಅರಿಶಿಣ ಸುರಕೋತ ಹೋದ್ರಿ. ನಮಗ ಬಂದದ್ದು ಆ ಅರಿಶಿಣ ಸುರಿದ ಬಣ್ಣ."

ದೊರೆಯ ಮೀಸೆ ಅದುರಿತು. "ಕೈಯಿಲ್ಲ, ಕುಂಚವಿಲ್ಲ, ಆದರೂ ಪರದೆಗೆ ಬಣ್ಣ ಬಳಿಯುತ್ತದೆ. ಏನದು?"

"ಎದುರಿಗಿನ ಬೆಳಕ್ರಿ. ಇಲ್ಲಿ ಬಳಿಯಾವ್ರು ನೀವೇ. ಕಿಟಕಿ ಬಿಸಿಲು ನಿಮ್ಮ ಕೆಂಪು ಶಾಲಿಗೆ ಬಡದು ಪರದಿ ಮ್ಯಾಲ ಕುಂತೇತಿ. ಶಾಲು ತಗೀರಿ, ಕಿಟಕಿ ಮುಚ್ಚಸ್ರಿ."

ದೊರೆಗೆ ಶಾಲು ತೆಗೆ ಎಂದವರು ಆ ನಾಡಿನಲ್ಲಿ ಹುಟ್ಟಿರಲಿಲ್ಲ. ಭಟರು ಕತ್ತಿಗೆ ಕೈ ಹಾಕಿದರು. ನೀಲವ್ವ ಹಿಂದೆ ಸರಿಯಲಿಲ್ಲ. ಕಿವಿಯಲ್ಲಿ ಕೇಳಿದ್ದ ಉತ್ತರವೂ ಅದೇ ಆಗಿದ್ದರಿಂದ ದೊರೆ ಶಾಲು ತೆಗೆಯಲೇಬೇಕಾಯಿತು. ಪರದೆಯ ಮೇಲಿನ ಕೆಂಪು ಮಬ್ಬು ಅಳಿಯಿತು.

"ಕೊನೆಯದು" ಎಂದ ದೊರೆ ಮೆಲ್ಲಗೆ. "ಅರಸನಿಗೂ ಹೆದರದ ಕಣ್ಣು ಯಾವುದು?"

ನೀಲವ್ವ ಉತ್ತರ ಹೇಳದೆ ದೊರೆಯ ಎಲೆಅಡಿಕೆ ತಟ್ಟೆಯತ್ತ ನಡೆದಳು. ವೀಳ್ಯದೆಲೆ ಹಾರದಂತೆ ಅದರ ಮೇಲೊಂದು ಕಪ್ಪು ಬಿಲ್ಲೆ ಇಟ್ಟಿದ್ದರು. ಪರದೆಯ ಜೊತೆಗೇ ವ್ಯಾಪಾರಿ ಕೊಟ್ಟುಹೋದದ್ದು.

"ಇದೇ ರೀ, ಬಣ್ಣ ಅಳೆಯೋ ಕಣ್ಣು. ನಮ್ಮನಿಯಾಗೂ ಐತಿ. ಆಗಾಗ ಪರದಿಗೆ ಹಚ್ಚಿ ಸರಿ ಮಾಡಕೋತೀವಿ. ಇದಕ್ಕ ಯಾರ ಮುಲಾಜೂ ಇಲ್ಲ. ನೀವು ಇದನ್ನ ಎಲಿ ಕಾಯಾಕ ಹಚ್ಚೀರಿ."

ಅವಳು ಅದಕ್ಕೆ ಅಂಟಿದ್ದ ಸುಣ್ಣ ಒರೆಸಿ, ಕಂಪ್ಯೂಟರಿಗೆ ಜೋಡಿಸಿ ಪರದೆಗೆ ಆನಿಸಿದಳು. ಬಣ್ಣಗಳು ಒಂದಾದ ಮೇಲೊಂದು ಬಂದು ಹೋದವು, ಬಿಲ್ಲೆ ಎಲ್ಲವನ್ನೂ ಅಳೆಯಿತು. ಕೊನೆಗೆ ಪರದೆಯ ಅಬ್ಬರ ಇಳಿಯಿತು, ಬೂದಿ ಬೂದಿಯಾಗಿಯೇ ಕಂಡಿತು. ದೊರೆ ಕಳಿಸಿದ್ದ ಬಣ್ಣವನ್ನು ತೆರೆದರು. ಅಚ್ಚ ಕಿತ್ತಳೆ! ಸೀರೆಯನ್ನು ಪಕ್ಕದಲ್ಲಿ ಹಿಡಿದರೆ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ದೊರೆ ಕಿತ್ತಳೆ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟ. "ನಿಮ್ಮಪ್ಪನನ್ನು ಬಿಟ್ಟೆ. ಇನ್ನು ಬಹುಮಾನ ಕೇಳು. ಊರು ಬೇಕೋ, ಹೊನ್ನು ಬೇಕೋ?"

"ಒಗಟು ತಪ್ಪಿದವರನ್ನೂ ಬಿಡ್ರಿ. ಊರು, ಹೊನ್ನು ನನಗ ಬ್ಯಾಡ. ನಮ್ಮಪ್ಪ ಬೊಗಳ್ಯಾನ ಅಂತ ಊರತುಂಬ ಸಾರಿಸಿದ್ರಲ್ಲ, ಅದೇ ಡಂಗುರ ಇನ್ನೊಮ್ಮಿ ಹೊಡಸ್ರಿ, ಈ ಸಲ ನಿಜ ಸಾರಾಕ."

ಸಂಜೆ ಗಿರಿಮಲ್ಲಪ್ಪ ಮಗಳ ಹೆಗಲು ಹಿಡಿದು ಸೆರೆಮನೆಯ ಬಾಗಿಲು ದಾಟುವಾಗ ಡಂಗುರದವನು ಎದುರಾದ. ಅರಮನೆಯತ್ತ ಒಮ್ಮೆ ಹೆದರಿ ನೋಡಿ, ಗಂಟಲು ಸರಿಮಾಡಿಕೊಂಡು ಕೂಗಿದ:

"ಕೇಳಿರಿ, ಕೇಳಿರಿ! ಅರಮನೆಯ ಪರದೆ ಸುಳ್ಳು ಹೇಳಿತ್ತು. ಬಣ್ಣಗಾರ ಗಿರಿಮಲ್ಲಪ್ಪನವರು ನಿಜ ಹೇಳಿದ್ದರು!"

ಮುದುಕ ಕಣ್ಣೊರೆಸಿಕೊಂಡ. "ಸರಿಯಾಗಿ ಕೇಳಿಸಲಿಲ್ಲಪ್ಪಾ" ಎಂದ, "ಇನ್ನೊಮ್ಮಿ ಹೇಳು."