ಚಿಪ್ಪುಹಂದಿಯ ಮೊದಲ ಗಾಯ

ಬಿದಿರು ಮೆಳೆಯ ನೆರಳಲ್ಲಿ ಕಥೆಯಾಟ ನಡೆದಿತ್ತು. ಮುಂಗುಸಿ ಕಥೆ ಹೇಳುತ್ತಿತ್ತು. ಅಳಿಲು ಮತ್ತು ಚಿಪ್ಪುಹಂದಿ ಅದರೊಳಗಿನ ವೀರರು. ಇಬ್ಬರ ಮುಂದೆಯೂ ಹುಣಸೆಬೀಜದ ರಾಶಿ, ಅದೇ ವೀರನ ಜೀವ. ಏಟು ಬಿದ್ದರೆ ದಾಳ ಹೇಳಿದಷ್ಟು ಬೀಜ ಹೋಗುತ್ತದೆ. ಬೀಜ ಮುಗಿದರೆ ವೀರ ಸತ್ತಂತೆ.

ಚಿಪ್ಪುಹಂದಿ ತನ್ನ ವೀರನಿಗೆ ಭಾರಿ ಕವಚ ತೊಡಿಸಿತ್ತು. ಅದನ್ನು ತೊಟ್ಟವನಿಗೆ ಏಟು ತಾಗದು, ಆದರೆ ಓಡಲೂ ಆಗದು. ಒಂದು ಬೀಜವೂ ಹೋಗದೆ ಕೂತೂ ಕೂತೂ ಅದಕ್ಕೆ ಆಕಳಿಕೆ ಬರುತ್ತಿತ್ತು.

"ಸೇತುವೆಯ ಮೇಲೆ ರಾಕ್ಷಸ ಅಳಿಲಿನತ್ತ ಗದೆ ಎತ್ತಿದ" ಎಂದಿತು ಮುಂಗುಸಿ. ಅಳಿಲಿಗೆ ಉಳಿದಿದ್ದು ಒಂದೇ ಬೀಜ.

ಚಿಪ್ಪುಹಂದಿಗೆ ತಡೆಯಲಾಗಲಿಲ್ಲ. "ಕವಚ ಕಿತ್ತೆಸೆದು ಓಡಿಬಂದೆ! ಆ ಏಟು ನನಗಿರಲಿ!"

"ಯೋಚಿಸಿ ಹೇಳು" ಎಂದಿತು ಮುಂಗುಸಿ.

"ಹೇಳಿಯಾಯಿತು. ದಾಳ ಉರುಳಿಸು!"

ಹಿಡಿ ತುಂಬ ಬೀಜ ಹೋದವು. "ನಿನ್ನ ವೀರನ ಬಲಭುಜ ಮುರಿಯಿತು. ಇನ್ನು ಎಡಗೈಯಲ್ಲೇ ಕಾದಾಡಬೇಕು" ಎಂದಿತು ಮುಂಗುಸಿ.

"ಎಡಗೈ ಸಾಕು!" ಚಿಪ್ಪುಹಂದಿ ಎದ್ದೇ ನಿಂತಿತು. ಅಳಿಲಿನ ವೀರ ರಾಕ್ಷಸನ ಕಾಲಿಗೆ ತೊಡರಿದ, ಚಿಪ್ಪುಹಂದಿಯ ವೀರ ದಬ್ಬಿದ, ರಾಕ್ಷಸ ಹೊಳೆಗೆ ಬಿದ್ದ.

ಮರುದಿನ ಚಿಪ್ಪುಹಂದಿ ದಾರಿಯಲ್ಲಿ ಸಿಕ್ಕವರಿಗೆಲ್ಲ ಮುರಿದ ಭುಜದ ಕಥೆ ಹೇಳಿತು.

"ಅದಕ್ಕೂ ಮುಂಚೆ ಏನಾಗಿತ್ತು?" ಎಂದು ಕೇಳಿತು ಆಮೆ.

ಚಿಪ್ಪುಹಂದಿ ತಲೆ ಕೆರೆದುಕೊಂಡಿತು. "ಮುಂಚೆ ಏನೂ ಆಗಿರಲೇ ಇಲ್ಲ" ಎಂದಿತು.